ಬಂಡೀಪುರದ ವೇಗಮಿತಿ: ಫಲಕ ಸಾಲದು, ಗಡಿಯಾರ ಬೇಕು

ಕಳೆದ ತಿಂಗಳು ಗುಂಡ್ಲುಪೇಟೆಯಿಂದ ಊಟಿಗೆ ಬಾಡಿಗೆ ಕಾರಿನಲ್ಲಿ ಹೋಗುವ ಪ್ರಸಂಗ ಒದಗಿತ್ತು. ಮೇಲುಕಾಮನಹಳ್ಳಿಯ ಚೆಕ್‌ಪೋಸ್ಟ್ ದಾಟಿದರೆ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿಂದ ತಮಿಳುನಾಡಿನ ಗಡಿಯಾದ ಕೆಕ್ಕನಹಳ್ಳದವರೆಗೂ ಹೆದ್ದಾರಿಯ ಎರಡೂ ಬದಿಗೆ ಕಾಡು. ಚೆಕ್‌ಪೋಸ್ಟಿನಲ್ಲಿ ನಮ್ಮ ಚಾಲಕ ಬಹಳ ವಿನಯದಿಂದ ಕಾರು ನಿಲ್ಲಿಸಿದ, ಕೇಳಿದ ಪ್ರಶ್ನೆಗಳಿಗೆ ಉತ್ತರಿಸಿದ, ನಿಧಾನವಾಗಿ ಹೊರಟ. ಗೇಟು ಕಣ್ಮರೆಯಾದ ಮೇಲೆ ಅವನ ಕಾಲು ಭಾರವಾಯಿತು. ರಸ್ತೆಯುಬ್ಬು ಬಂದಾಗ ಕಾರು ತೆವಳುವುದು, ಉಬ್ಬು ದಾಟಿದೊಡನೆ ಬಾಣದಂತೆ ಹಾರುವುದು, ಮುಂದಿನ ಉಬ್ಬಿಗೆ ಮತ್ತೆ ಬ್ರೇಕು. ನಡುವೆ ಹುಲಿಯ ಚಿತ್ರವಿದ್ದ, ವೇಗವನ್ನು ಮಿತಿಗೊಳಿಸುವ ಫಲಕಗಳು ಒಂದಾದ ಮೇಲೊಂದು ಹಿಂದೆ ಸರಿದವು.

‘ಏನಪ್ಪ, ನಿಧಾನಕ್ಕೆ ಹೋಗಿ ಅಂತ ಬೋರ್ಡು ಹಾಕಿದಾರಲ್ಲ?’ ಎಂದೆ. ಅವನು ನಕ್ಕು, ‘ಸಾರ್, ಬೋರ್ಡು ಹೊಸಬರಿಗೆ. ನಮಗೆ ಹಂಪೇ ಬೋರ್ಡು’ ಎಂದ.

ಅವನು ದುಷ್ಟನಲ್ಲ, ಕುಡಿದಿರಲಿಲ್ಲ, ಮೊಬೈಲಿನಲ್ಲಿ ಮಾತನಾಡುತ್ತಿರಲಿಲ್ಲ. ರಸ್ತೆಯಂಚಿನ ಹಸಿ ಹುಲ್ಲು ಮೇಯುತ್ತಿದ್ದ ಜಿಂಕೆಗಳ ಹಿಂಡೊಂದು ತಿರುವಿನಾಚೆ ದಿಢೀರನೆ ಕಂಡಾಗ ಕಾರನ್ನು ಕೌಶಲದಿಂದಲೇ ನಿಲ್ಲಿಸಿದ. ಆದರೆ ನಿಂತ ಕಾರಿಗೂ ಹಿಂಡಿನ ಕೊನೆಯ ಮರಿಗೂ ನಡುವೆ ಉಳಿದದ್ದು ಒಂದು ಮಾರು ದೂರ ಮಾತ್ರ. ಎರಡು ಗೇಟುಗಳ ನಡುವೆ ನಾನು ಕೈಗಡಿಯಾರ ನೋಡಿಕೊಂಡಿದ್ದೆ. ಫಲಕದ ಮಾತು ಕೇಳಿದ್ದರೆ ಹಿಡಿಯಬೇಕಾಗಿದ್ದ ಸಮಯದ ಮುಕ್ಕಾಲು ಪಾಲೂ ನಮಗೆ ಬೇಕಾಗಿರಲಿಲ್ಲ. ಅವನ ‘ಬೋರ್ಡು ಹೊಸಬರಿಗೆ’ ಎಂಬ ಮಾತು ಅಂದಿನಿಂದ ನನ್ನನ್ನು ಕಾಡುತ್ತಿದೆ. ಏಕೆಂದರೆ ಅಂಥ ಬೋರ್ಡುಗಳಿಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ಸೇವೆಯಲ್ಲಿದ್ದಾಗ ಒಂದು ಜಿಲ್ಲೆಯ ರಸ್ತೆ ಸುರಕ್ಷತಾ ಸಭೆಗಳಲ್ಲಿ ನಾನು ಕುಳಿತುಕೊಳ್ಳುತ್ತಿದ್ದೆ. ಊರೊಂದರ ಬಳಿ ಬಸ್ಸು ಹರಿದು ಶಾಲಾ ಬಾಲಕನೊಬ್ಬ ತೀರಿಕೊಂಡಿದ್ದ. ಜನ ರಸ್ತೆ ತಡೆ ನಡೆಸಿದ್ದರು. ಸಭೆಯಲ್ಲಿ ಒಬ್ಬರು ಐವತ್ತು ಎಂದರು, ಇನ್ನೊಬ್ಬರು ನಲವತ್ತು ಎಂದರು. ‘ಮೂವತ್ತೇ ಇರಲಿ, ನಾಳೆ ಯಾರೂ ನಮ್ಮನ್ನು ಕೇಳುವಂತಿಲ್ಲ’ ಎಂದದ್ದು ನಾನು. ಆ ರಸ್ತೆಯಲ್ಲಿ ವಾಹನಗಳು ವಾಸ್ತವವಾಗಿ ಎಷ್ಟು ವೇಗದಲ್ಲಿ ಓಡುತ್ತಿವೆ ಎಂದು ಯಾರೂ ಅಳೆದಿರಲಿಲ್ಲ. ಎಷ್ಟು ದೂರದಿಂದ ಚಾಲಕನಿಗೆ ಮಗು ಕಾಣುತ್ತದೆ ಎಂದು ಯಾರೂ ನೋಡಿರಲಿಲ್ಲ. ವಾರದೊಳಗೆ ಫಲಕ ನೆಟ್ಟರು. ಒಂದು ವರ್ಷದ ಮೇಲೆ ಅದೇ ದಾರಿಯಲ್ಲಿ ಹೋದಾಗ ಗಮನಿಸಿದೆ: ನನ್ನ ಸರ್ಕಾರಿ ಜೀಪು ಕೂಡ ಆ ಫಲಕದ ಮುಂದೆ ಅರವತ್ತರಲ್ಲಿ ಓಡುತ್ತಿತ್ತು. ನಾನು ಚಾಲಕನಿಗೆ ಏನೂ ಹೇಳಲಿಲ್ಲ. ನಮ್ಮ ಬಹುಪಾಲು ವೇಗಮಿತಿಗಳ ಹುಟ್ಟು ಮತ್ತು ಸಾವಿನ ಕಥೆ ಇಷ್ಟೇ.

ಕಾನೂನಿನಲ್ಲಿ ಕೊರತೆಯಿಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯ 112ನೇ ಕಲಮು ವೇಗಮಿತಿಯನ್ನು ಕುರಿತದ್ದು. ಗರಿಷ್ಠ ವೇಗವನ್ನು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಮಾಡುತ್ತದೆ. ಸಾರ್ವಜನಿಕ ಸುರಕ್ಷತೆ, ಅನುಕೂಲ ಅಥವಾ ರಸ್ತೆ ಇಲ್ಲವೆ ಸೇತುವೆಯ ಸ್ವರೂಪದ ದೃಷ್ಟಿಯಿಂದ ಅಗತ್ಯವೆನಿಸಿದರೆ ರಾಜ್ಯ ಸರ್ಕಾರವೋ ಅದು ಅಧಿಕಾರ ನೀಡಿದ ಪ್ರಾಧಿಕಾರವೋ ಅದಕ್ಕಿಂತ ಕಡಿಮೆ ಮಿತಿಯನ್ನು ವಿಧಿಸಬಹುದು, ಫಲಕಗಳನ್ನು ನೆಡಬೇಕು. 2018ರ ಏಪ್ರಿಲ್‌ನಲ್ಲಿ ಕೇಂದ್ರವು ಕಾರುಗಳ ಮಿತಿಯನ್ನು ಎಕ್ಸ್‌ಪ್ರೆಸ್ ಹೆದ್ದಾರಿಗಳಲ್ಲಿ ಗಂಟೆಗೆ 120 ಕಿ.ಮೀ.ಗೆ, ವಿಭಜಕವಿರುವ ಚತುಷ್ಪಥಗಳಲ್ಲಿ 100ಕ್ಕೆ ಏರಿಸಿತು. ಇತರ ಸಾಮಾನ್ಯ ರಸ್ತೆಗಳಿಗೆ 70 ಎಂದಿತು. 2021ರಲ್ಲಿ ಮದ್ರಾಸ್ ಹೈಕೋರ್ಟು ಆ ಅಧಿಸೂಚನೆಯನ್ನು ರದ್ದುಪಡಿಸಿ, ವಾಹನದ ಎಂಜಿನ್ ಎಷ್ಟೇ ಸುಧಾರಿಸಿದರೂ ಓಡಿಸುವವನ ಶಿಸ್ತು ಸುಧಾರಿಸಬೇಕಲ್ಲವೇ ಎಂಬ ಧಾಟಿಯ ಆಕ್ಷೇಪವೆತ್ತಿತು. ಈ ಏರಿಳಿತದಲ್ಲಿ ಒಂದು ಸಂಗತಿ ಗಮನಾರ್ಹ. ಕಾಯ್ದೆ ಹೇಳುವ ಸುರಕ್ಷತೆ, ಅನುಕೂಲ ಎರಡೂ ಮನುಷ್ಯನವು. ರಸ್ತೆ ದಾಟುವ ಕಡವೆಗೂ ಕಾಟಿಗೂ ಆ ವಾಕ್ಯದಲ್ಲಿ ಸ್ಥಳವಿಲ್ಲ. ‘ರಸ್ತೆಯ ಸ್ವರೂಪ’ ಎಂಬ ಪದಪುಂಜದ ನೆರಳಿನಲ್ಲಿ ನಾವು ಅವುಗಳನ್ನು ಒಳಗೆ ತರಬೇಕು.

ಹಾಗಾದರೆ ಮಿತಿಯನ್ನು ನಿಗದಿಪಡಿಸುವ ಶಾಸ್ತ್ರೀಯ ವಿಧಾನವೇನು? ಸಂಚಾರ ಎಂಜಿನಿಯರುಗಳು ಪ್ರಪಂಚದಾದ್ಯಂತ ಬಳಸುವ ಹಳೆಯ ಸೂತ್ರವೊಂದಿದೆ. ದಟ್ಟಣೆಯಿಲ್ಲದ ವೇಳೆಯಲ್ಲಿ ರಸ್ತೆಯಲ್ಲಿ ಸಾಗುವ ವಾಹನಗಳ ವೇಗವನ್ನು ಅಳೆಯಬೇಕು. ಶೇ 85ರಷ್ಟು ಚಾಲಕರು ಯಾವ ವೇಗವನ್ನು ಮೀರುವುದಿಲ್ಲವೋ ಅದರ ಆಸುಪಾಸಿನಲ್ಲಿ ಮಿತಿಯನ್ನು ಇಡಬೇಕು. ಇದರ ಹಿಂದಿನ ತರ್ಕ ಸರಳ: ಬಹುಪಾಲು ಜನ ವಿವೇಕಿಗಳು, ತಮ್ಮ ಜೀವದ ಬೆಲೆ ಬಲ್ಲವರು, ರಸ್ತೆ ನೋಡಿ ತಾವೇ ತಕ್ಕ ವೇಗವನ್ನು ಆರಿಸಿಕೊಳ್ಳುತ್ತಾರೆ; ಕಾನೂನು ಉಳಿದ ಹದಿನೈದು ಮಂದಿಯನ್ನು ಹಿಡಿದರೆ ಸಾಕು. 1964ರಲ್ಲಿ ಅಮೆರಿಕದ ಡೇವಿಡ್ ಸಾಲೊಮನ್ ಗ್ರಾಮಾಂತರ ಹೆದ್ದಾರಿಗಳ ಅಪಘಾತಗಳನ್ನು ಅಧ್ಯಯನ ಮಾಡಿ, ಸರಾಸರಿ ವೇಗಕ್ಕಿಂತ ಬಹಳ ಹೆಚ್ಚು ಅಥವಾ ಬಹಳ ಕಡಿಮೆ ವೇಗದಲ್ಲಿ ಹೋಗುವವರೇ ಹೆಚ್ಚು ಅಪಘಾತಕ್ಕೀಡಾಗುತ್ತಾರೆಂದು ತೋರಿಸಿದ ಮೇಲೆ ಈ ಸೂತ್ರಕ್ಕೆ ಇನ್ನಷ್ಟು ಬಲ ಬಂತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ಈ ಸೂತ್ರದ ಆಕರ್ಷಣೆ ನನಗೆ ಅರ್ಥವಾಗುತ್ತದೆ. ಇದು ಒಂದು ಬಗೆಯ ಮಾರುಕಟ್ಟೆಯ ಬೆಲೆ. ಸಾವಿರಾರು ಜನರ ತೀರ್ಮಾನಗಳ ಮೊತ್ತ. ಆದರೆ ಮಾರುಕಟ್ಟೆ ಎಲ್ಲಿ ಎಡವುತ್ತದೆ ಎಂಬುದನ್ನೂ ಅದೇ ಶಾಸ್ತ್ರ ಕಲಿಸುತ್ತದೆ. ಮಾಡುವವನೊಬ್ಬ, ತೆರುವವನು ಇನ್ನೊಬ್ಬ ಎಂದಾದಾಗ ಬೆಲೆ ಸುಳ್ಳು ಹೇಳುತ್ತದೆ. ಕಾರ್ಖಾನೆಯ ಹೊಗೆಯನ್ನು ಊರು ಉಸಿರಾಡುವಂತೆ, ಬಂಡೀಪುರದಲ್ಲಿ ಕಾರಿನ ವೇಗದ ದಂಡವನ್ನು ಜಿಂಕೆ ತೆರುತ್ತದೆ. ಆನೆಯೋ ಕಾಟಿಯೋ ಎದುರಾದರೆ ಚಾಲಕನಿಗೆ ತನ್ನ ಜೀವದ ಭಯವಿದೆ. ಮುಸುವ, ಕಾಡುಬೆಕ್ಕು, ಹಾವು, ಮಳೆಗಾಲದಲ್ಲಿ ರಸ್ತೆಗೆ ಬರುವ ಕಪ್ಪೆ ಇವುಗಳಿಗಾಗಿ ಅವನು ಯಾವ ಲೆಕ್ಕವನ್ನೂ ಹಾಕಬೇಕಾಗಿಲ್ಲ. ಆದ್ದರಿಂದ ಕಾಡಿನ ರಸ್ತೆಯಲ್ಲಿ ಶೇ 85ರ ಸೂತ್ರ ಹಚ್ಚಿದರೆ ಸಿಗುವುದು ಕಾಡನ್ನು ಲೆಕ್ಕಕ್ಕೇ ತೆಗೆದುಕೊಳ್ಳದವರ ಬಹುಮತ.

ಇಲ್ಲಿ ಮಿತಿಯನ್ನು ಬೇರೆ ದಿಕ್ಕಿನಿಂದ ಕಟ್ಟಿಕೊಂಡು ಬರಬೇಕು. ಚಾಲಕನಿಗೆ ಎಷ್ಟು ದೂರ ಕಾಣುತ್ತದೆ, ಕಂಡ ಮೇಲೆ ನಿಲ್ಲಲು ಎಷ್ಟು ದೂರ ಬೇಕು ಎಂಬ ಎರಡೇ ಪ್ರಶ್ನೆಗಳು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ, ಅಡ್ಡಿ ಕಂಡು ಬ್ರೇಕು ಒತ್ತಲು ಎರಡೂವರೆ ಸೆಕೆಂಡು ಹಿಡಿದು, ಗಂಟೆಗೆ 40 ಕಿ.ಮೀ. ವೇಗದ ವಾಹನ ಸುರಕ್ಷಿತವಾಗಿ ನಿಲ್ಲಲು ಸುಮಾರು 45 ಮೀಟರು ಬೇಕು. 80ರ ವೇಗಕ್ಕೆ 120 ಮೀಟರು. ವೇಗ ದುಪ್ಪಟ್ಟಾದರೆ ದೂರ ಎರಡೂವರೆ ಪಟ್ಟಿಗೂ ಮೀರುತ್ತದೆ, ಡಿಕ್ಕಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಬಂಡೀಪುರದ ರಸ್ತೆಯ ತಿರುವುಗಳಲ್ಲಿ, ಲಂಟಾನ ಬೆಳೆದು ನಿಂತ ಅಂಚುಗಳಲ್ಲಿ ಪ್ರಾಣಿ ಕಾಣಿಸುವುದು ಅದು ಡಾಂಬರಿಗೆ ಕಾಲಿಟ್ಟ ಮೇಲೆಯೇ. ಅಲ್ಲಿ 40ನ್ನು ಮೀರುವುದೆಂದರೆ ಕಾಣದ್ದನ್ನು ನಂಬಿ ಓಡುವುದು. ಎದುರು ವಾಹನಕ್ಕಾಗಿ ತಗ್ಗಿಸಿದ ಹೆಡ್‌ಲೈಟಿನ ಬೆಳಕು ಐವತ್ತು ಅರವತ್ತು ಮೀಟರಿನಾಚೆ ಕ್ಷೀಣಿಸುವ ರಾತ್ರಿಯ ವೇಳೆ, ದೀಪಕ್ಕೆ ಕಣ್ಣು ಕೋರೈಸಿ ಪ್ರಾಣಿ ನಿಂತಲ್ಲೇ ನಿಂತುಬಿಡುವಾಗ, ಆ 40 ಕೂಡ ಅಂಚಿನ ಮೇಲಿನ ನಡಿಗೆ.

ಅಂಕಿ ಸರಿಯಾಗಿದ್ದರೂ ಚಾಲಕ ಅದನ್ನು ಏಕೆ ಪಾಲಿಸುವುದಿಲ್ಲ? ಇದಕ್ಕೆ ‘ನಮ್ಮ ಜನಕ್ಕೆ ಶಿಸ್ತಿಲ್ಲ’ ಎಂಬ ಸಿದ್ಧ ಉತ್ತರವಿದೆ. ನಾನು ಅದನ್ನು ಒಪ್ಪುವುದಿಲ್ಲ. ನಮ್ಮ ಚಾಲಕ ಉಬ್ಬಿನ ಮುಂದೆ ಅಷ್ಟು ಶಿಸ್ತಿನಿಂದ ನಡೆದುಕೊಂಡ. ಉಬ್ಬು ಸುಳ್ಳು ಹೇಳುವುದಿಲ್ಲ, ರಿಯಾಯಿತಿ ತೋರುವುದಿಲ್ಲ, ಒಂದು ದಿನ ಇದ್ದು ಇನ್ನೊಂದು ದಿನ ರಜೆ ಹೋಗುವುದಿಲ್ಲ. ಗ್ಯಾರಿ ಬೆಕರ್ ಎಂಬ ಅರ್ಥಶಾಸ್ತ್ರಜ್ಞ 1968ರಲ್ಲಿ ಅಪರಾಧ ಮತ್ತು ಶಿಕ್ಷೆಯ ಕುರಿತು ಬರೆದ ಪ್ರಬಂಧ ಇದನ್ನೇ ವಿವರಿಸುತ್ತದೆ. ತಪ್ಪು ಮಾಡುವವನು ದಂಡದ ಮೊತ್ತವನ್ನು ಸಿಕ್ಕಿಬೀಳುವ ಸಂಭವದಿಂದ ಗುಣಿಸಿ ನೋಡುತ್ತಾನೆ. ಸಾವಿರ ಪ್ರಯಾಣಕ್ಕೆ ಒಂದು ಬಾರಿ ಸಿಕ್ಕಿಬೀಳುವುದಾದರೆ ಸಾವಿರ ರೂಪಾಯಿ ದಂಡದ ನಿಜವಾದ ಬೆಲೆ ಪ್ರತಿ ಪ್ರಯಾಣಕ್ಕೆ ಒಂದು ರೂಪಾಯಿ. 2019ರ ತಿದ್ದುಪಡಿಯಲ್ಲಿ ಸಂಸತ್ತು ಅತಿವೇಗದ ದಂಡವನ್ನು ಏರಿಸಿತು. ಲಘು ವಾಹನಗಳಿಗೆ ಕನಿಷ್ಠ ಸಾವಿರ, ಮಧ್ಯಮ ಮತ್ತು ಭಾರಿ ವಾಹನಗಳಿಗೆ ಕನಿಷ್ಠ ಎರಡು ಸಾವಿರ. ಸಿಕ್ಕಿಬೀಳುವ ಸಂಭವ ಹಾಗೆಯೇ ಉಳಿದರೆ ಮೊತ್ತ ಏರಿಸಿ ಪ್ರಯೋಜನವೇನು? ಎಲ್ಲಾದರೂ ಪೊಲೀಸರು ರಡಾರ್ ಹಿಡಿದು ನಿಂತಿದ್ದರೆ ಎದುರಿನಿಂದ ಬರುವವರು ದೀಪ ಮಿಣುಕಿಸಿ ಎಚ್ಚರಿಸುತ್ತಾರೆ. ಅಪರಿಚಿತರ ನಡುವೆ ನಮ್ಮ ಹೆದ್ದಾರಿಗಳಲ್ಲಿ ಕಾಣುವ ಸಹಕಾರ ಮನೋಭಾವಕ್ಕೆ ಇದೊಂದು ಉದಾಹರಣೆ!

ಎರಡನೆಯ ಕಾರಣ ರಸ್ತೆಯೇ. ಚಾಲಕ ಫಲಕಕ್ಕಿಂತ ಹೆಚ್ಚಾಗಿ ರಸ್ತೆಯನ್ನು ಓದುತ್ತಾನೆ. ನುಣುಪಾದ ಡಾಂಬರು, ಅಂಚಿನಲ್ಲಿ ಬಿಳಿ ಗೆರೆ, ನೇರ ದಾರಿ ಇವೆಲ್ಲ ಸೇರಿ ‘ಹೋಗು’ ಎನ್ನುವಾಗ ಒಂದು ತಗಡು ‘ನಿಧಾನ’ ಎಂದರೆ ಅವನು ಬಹುಮತಕ್ಕೆ ತಲೆಬಾಗುತ್ತಾನೆ. ರಸ್ತೆಯುಬ್ಬು ಇದಕ್ಕೆ ಮದ್ದು, ಆದರೆ ಅರೆಮದ್ದು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಅಳತೆಯ ಉಬ್ಬು 3.7 ಮೀಟರು ಅಗಲ, ಹತ್ತು ಸೆಂಟಿಮೀಟರು ಎತ್ತರ. ಅದನ್ನು ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಬೇಕೆಂಬುದು ಲೆಕ್ಕಾಚಾರ. ಅದು ತಾನಿದ್ದ ಜಾಗವನ್ನು ಕಾಯುತ್ತದೆ, ನಡುವಿನ ಜಾಗವನ್ನು ಕಾಯುವುದಿಲ್ಲ. ಉಬ್ಬಿನಲ್ಲಿ ಕಳೆದುಕೊಂಡ ಸಮಯವನ್ನು ಚಾಲಕ ನಡುವೆ ವಸೂಲು ಮಾಡುತ್ತಾನೆ. ಆಂಬುಲೆನ್ಸಿನಲ್ಲಿ ಮಲಗಿದವನಿಗೂ ಹಳೆಯ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತ ಬಸುರಿಗೂ ಅದು ಶಿಕ್ಷೆ.

ವೇಗಮಿತಿಯ ಈ ಸೋಲಿನ ಹಿನ್ನೆಲೆಯಲ್ಲಿಯೇ ಬಂಡೀಪುರದ ರಾತ್ರಿ ಸಂಚಾರ ನಿಷೇಧವನ್ನು ನೋಡಬೇಕು. ಈ ಕಾಡಿನ ಮೂಲಕ ಎರಡು ರಾಷ್ಟ್ರೀಯ ಹೆದ್ದಾರಿಗಳು ಹಾಯುತ್ತವೆ. ಹಿಂದೆ 67 ಎಂದಿದ್ದು ಈಗ 181 ಆಗಿರುವ ಊಟಿಯ ದಾರಿ ಒಂದು. ಹಿಂದೆ 212 ಎಂದಿದ್ದು ಈಗ 766 ಆಗಿರುವ, ಮೂಲೆಹೊಳೆಯ ಮೂಲಕ ಸುಲ್ತಾನ್ ಬತ್ತೇರಿ, ಕೋಳಿಕ್ಕೋಡಿಗೆ ಹೋಗುವ ದಾರಿ ಇನ್ನೊಂದು. ರಾತ್ರಿ ವೇಳೆ ವಾಹನಗಳಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದುದನ್ನು ಗಮನಿಸಿ 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಡಳಿತವು ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿತು. ಒತ್ತಡ ಬಂದು ಕೆಲವೇ ದಿನಗಳಲ್ಲಿ ಆದೇಶ ಹಿಂದಕ್ಕೆ ಹೋಯಿತು. ವಿಷಯ ಕರ್ನಾಟಕ ಹೈಕೋರ್ಟಿನ ಮುಂದೆ ಬಂದು ನಿಷೇಧ ಮತ್ತೆ ಜಾರಿಯಾಯಿತು. 2010ರ ಮಾರ್ಚ್‌ನಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಆಂಬುಲೆನ್ಸಿಗೂ ಬೆರಳೆಣಿಕೆಯ ಬಸ್ಸುಗಳಿಗೂ ವಿನಾಯಿತಿ ಉಳಿಯಿತು. ಕೇರಳ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 2018ರಲ್ಲಿ ಕಾಡಿನ ಮೇಲೆ ಎತ್ತರಿಸಿದ ಮೇಲ್ಸೇತುವೆಯ ಪ್ರಸ್ತಾಪ ಬಂತು. 2019ರಲ್ಲಿ ವಯನಾಡಿನ ದಾರಿಯನ್ನು ಹಗಲಲ್ಲೂ ಮುಚ್ಚಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನಲ್ಲಿ ಎದ್ದಾಗ ಸುಲ್ತಾನ್ ಬತ್ತೇರಿಯಲ್ಲಿ ಯುವಕರು ಉಪವಾಸ ಕುಳಿತರು. 2025ರ ಏಪ್ರಿಲ್‌ನಲ್ಲಿ ನಿಷೇಧ ಸಡಿಲಿಸುವ ಮಾತು ಕೇಳಿಬಂದಾಗ ನಮ್ಮ ಪರಿಸರಾಸಕ್ತರು ಬಂಡೀಪುರದಲ್ಲಿ ಮೌನ ನಡಿಗೆ ನಡೆಸಿದರು.

ಈ ನಿಷೇಧವನ್ನು ನಾನು ಬೆಂಬಲಿಸುತ್ತೇನೆ. ಆದರೆ ಅದರ ಅರ್ಥವೇನೆಂಬುದನ್ನು ಮರೆಮಾಚಬಾರದು. ವೇಗವನ್ನು ನಿಯಂತ್ರಿಸಲಾಗದ ಆಡಳಿತ ಸಂಚಾರವನ್ನೇ ನಿಲ್ಲಿಸಿತು. ಮುಚ್ಚಿದ ಗೇಟಿಗೆ ಯಾವ ಅಂಕಿಯೂ ಬೇಡ, ಯಾವ ರಡಾರೂ ಬೇಡ. ಅದರ ವೆಚ್ಚವನ್ನು ವಯನಾಡಿನ ತರಕಾರಿ ವ್ಯಾಪಾರಿ, ಮೈಸೂರಿನ ಆಸ್ಪತ್ರೆಗೆ ಬರುವ ರೋಗಿಯ ಬಂಧುಗಳು, ಗುಂಡ್ಲುಪೇಟೆಯ ಲಾರಿಯವರು ತೆರುತ್ತಾರೆ. ಅವರ ದೂರು ಕ್ಷುಲ್ಲಕವಲ್ಲ. ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೂಲಕ ಮಾನಂದವಾಡಿಗೆ ಪರ್ಯಾಯ ದಾರಿಯಿದೆ ಎಂದು ನಾವು ಹೇಳುತ್ತೇವೆ. ಆ ದಾರಿ ಸುತ್ತು ಎಂಬುದನ್ನೂ ಒಪ್ಪಬೇಕು. ನಿಷೇಧ ಸಡಿಲಿಸಬೇಕೆನ್ನುವವರು ಮುಂದಿಡುವ ವಾದ ಹೀಗಿದೆ: ‘ಗೇಟು ತೆರೆಯಿರಿ, ರಾತ್ರಿ ಕಡ್ಡಾಯವಾಗಿ ನಿಧಾನಗತಿ ಎಂದು ನಿಯಮ ಮಾಡಿ.’ ಇದಕ್ಕೆ ನನ್ನ ಉತ್ತರ ಒಂದು ಮರುಪ್ರಶ್ನೆ. ಹಗಲಿನಲ್ಲಿ, ಸಿಬ್ಬಂದಿ ಎಚ್ಚರವಿರುವಾಗ, ಕಣ್ಣಿಗೆ ಎಲ್ಲವೂ ಕಾಣುವಾಗ ಪಾಲನೆಯಾಗದ ಮಿತಿ ಕತ್ತಲಲ್ಲಿ ಪಾಲನೆಯಾಗುತ್ತದೆಂದು ನಂಬುವುದು ಹೇಗೆ?

ವಿಪರ್ಯಾಸವೆಂದರೆ ನಿಷೇಧವೂ ಒಂದು ಬಗೆಯ ವೇಗವನ್ನು ಹುಟ್ಟಿಸಿದೆ. ಸಂಜೆ ಎಂಟೂವರೆಯ ನಂತರ ಗುಂಡ್ಲುಪೇಟೆಯಲ್ಲಿ ನಿಂತು ನೋಡಿದರೆ ಇದು ತಿಳಿಯುತ್ತದೆ. ಒಂಬತ್ತಕ್ಕೆ ಗೇಟು ಬೀಳುವ ಮೊದಲು ಮುಟ್ಟಬೇಕೆಂಬ ಆತುರದಲ್ಲಿ ವಾಹನಗಳು ಊರೊಳಗಿನ ದಾರಿಯನ್ನೂ ಲೆಕ್ಕಿಸದೆ ಓಡುತ್ತವೆ. ಕೊನೆಯ ಐದು ನಿಮಿಷದಲ್ಲಿ ಒಳಹೊಕ್ಕವನು ಕಾಡು ದಾಟುವಾಗ ಹೆಸರಿಗಷ್ಟೇ ನಿಷೇಧದ ಹೊತ್ತು ಆಗಲೇ ಆರಂಭವಾಗಿರುತ್ತದೆ. ನಿಯಮಗಳಿಗೆ ಜನ ಹೇಗೆ ಪ್ರತಿಕ್ರಿಯಿಸುತ್ತಾರೆಂಬುದನ್ನು ಊಹಿಸದೆ ನಿಯಮ ಮಾಡಿದರೆ ಹೀಗಾಗುತ್ತದೆ.

ಇನ್ನು ಉಳಿತಾಯವಾಗುವ ಸಮಯ ಎಷ್ಟು? ಲೆಕ್ಕಕ್ಕೆ ಕಾಡಿನ ರಸ್ತೆ ಹನ್ನೆರಡು ಕಿ.ಮೀ. ಎಂದಿಟ್ಟುಕೊಳ್ಳೋಣ. 80ರ ವೇಗದಲ್ಲಿ ಅದನ್ನು ದಾಟಲು ಒಂಬತ್ತು ನಿಮಿಷ, 60ರಲ್ಲಿ ಹನ್ನೆರಡು, 40ರಲ್ಲಿ ಹದಿನೆಂಟು. ಇಡೀ ಜಗಳ ಆರರಿಂದ ಒಂಬತ್ತು ನಿಮಿಷದ್ದು. ಗುಂಡ್ಲುಪೇಟೆಯ ಹೋಟೆಲಿನಲ್ಲಿ ಒಂದು ಮಸಾಲೆದೋಸೆಗೆ ಕಾಯುವ ಸಮಯ ಅದಕ್ಕಿಂತ ಹೆಚ್ಚು. ಮೈಸೂರಿನಿಂದ ಊಟಿಗೆ ಅರ್ಧ ದಿನ ಮೀಸಲಿಟ್ಟು ಹೊರಟ ಕುಟುಂಬಕ್ಕೆ ಈ ಒಂಬತ್ತು ನಿಮಿಷದ ಬೆಲೆ ಏನು? ಚಾಲಕ ಇದನ್ನು ಲೆಕ್ಕ ಹಾಕುವುದಿಲ್ಲ; ವೇಗದ ಲಾಭ ಅವನ ಕಾಲಿಗೆ ತಿಳಿಯುತ್ತದೆ, ತಲೆಗೆ ತಿಳಿಯುವುದಿಲ್ಲ. ಇದನ್ನು ಗೇಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೆ ಹುಲಿಯ ಚಿತ್ರಕ್ಕಿಂತ ಹೆಚ್ಚು ಪರಿಣಾಮ ಬೀರೀತು.

ಪರಿಹಾರ ನಮ್ಮ ಕಣ್ಣೆದುರಿಗೇ ಇದೆ. ಬಹುತೇಕ ಹೆದ್ದಾರಿಗಳಲ್ಲಿಲ್ಲದ ಅನುಕೂಲವೊಂದು ಬಂಡೀಪುರದ ರಸ್ತೆಗಿದೆ: ಎರಡು ತುದಿಯಲ್ಲೂ ಗೇಟು, ಗೇಟಿನಲ್ಲಿ ಸಿಬ್ಬಂದಿ, ನಡುವೆ ಬೇರೆ ಊರಿಗೆ ತಿರುಗುವ ದೊಡ್ಡ ದಾರಿಗಳಿಲ್ಲ. ಒಳಹೋಗುವಾಗ ಸಮಯ ನಮೂದಿಸಬೇಕು, ಹೊರಬರುವಾಗ ನೋಡಬೇಕು. ನಿಗದಿತ ಕನಿಷ್ಠ ಸಮಯಕ್ಕಿಂತ ಮೊದಲೇ ತಲುಪಿದರೆ ಮಿತಿ ಮೀರಿದ್ದಕ್ಕೆ ಅದೇ ಪುರಾವೆ. ಇಲ್ಲಿ ಸಿಕ್ಕಿಬೀಳುವ ಸಂಭವ ಸಾವಿರಕ್ಕೊಂದಲ್ಲ, ಸಾವಿರಕ್ಕೆ ಸಾವಿರ. ಆಗ ದಂಡದ ಮೊತ್ತ ಐನೂರೇ ಇದ್ದರೂ ಸಾಕು.

ಇದು ಹೊಸ ಆವಿಷ್ಕಾರವಲ್ಲ. ತಿರುಪತಿಗೆ ಹೋದವರೆಲ್ಲ ತಿರುಮಲದ ಘಾಟಿಯಲ್ಲಿ ಇದನ್ನು ಕಂಡಿದ್ದಾರೆ. ಕೆಳಗೆ ಸಮಯ ನಮೂದಿಸಿದ ಚೀಟಿ ಕೊಡುತ್ತಾರೆ, ಮೇಲೆ ಪರಿಶೀಲಿಸುತ್ತಾರೆ, ಬೇಗ ಬಂದವರಿಗೆ ದಂಡ ಹಾಕುತ್ತಾರೆ. ಅಸ್ಸಾಮಿನ ಕಾಜಿರಂಗದಲ್ಲಿ ಪ್ರವಾಹ ಬಂದಾಗ ಘೇಂಡಾಮೃಗ, ಜಿಂಕೆಗಳು ಹೆದ್ದಾರಿ ದಾಟಿ ಕಾರ್ಬಿ ಆಂಗ್ಲಾಂಗ್ ಬೆಟ್ಟಗಳತ್ತ ಹೋಗುತ್ತವೆ. ಆ ದಿನಗಳಲ್ಲಿ ಅಲ್ಲಿನ ಅರಣ್ಯ ಇಲಾಖೆ ವಾಹನಗಳಿಗೆ ‘ಟೈಮ್ ಕಾರ್ಡ್’ ಕೊಟ್ಟು ವೇಗವನ್ನು ಹಿಡಿತದಲ್ಲಿಡುತ್ತದೆ. ನಮ್ಮ ಕಾನೂನಿಗೂ ಈ ತತ್ವ ಅಪರಿಚಿತವಲ್ಲ. ಅತಿವೇಗಕ್ಕೆ ದಂಡ ವಿಧಿಸುವ 183ನೇ ಕಲಮು, ಒಬ್ಬ ಸಾಕ್ಷಿಯ ಅಂದಾಜಿನ ಮೇಲಷ್ಟೇ ಯಾರನ್ನೂ ಶಿಕ್ಷಿಸಬಾರದು, ಯಂತ್ರದ ಅಳತೆಯ ಆಧಾರವಿರಬೇಕು ಎನ್ನುತ್ತದೆ. ಅದೇ ಕಲಮು ಇನ್ನೊಂದು ಕುತೂಹಲಕರ ಮಾತು ಹೇಳುತ್ತದೆ: ವೇಗಮಿತಿ ಮೀರದೆ ಮುಟ್ಟಲಾಗದಂಥ ವೇಳಾಪಟ್ಟಿಯನ್ನು ಯಾರಾದರೂ ಪ್ರಕಟಿಸಿದರೆ ಆ ವೇಳಾಪಟ್ಟಿಯೇ ಅವರ ವಿರುದ್ಧ ಮೇಲ್ನೋಟದ ಸಾಕ್ಷ್ಯ. ದೂರವನ್ನು ಸಮಯದಿಂದ ಭಾಗಿಸಿದರೆ ಅಪರಾಧ ತಿಳಿಯುತ್ತದೆಂದು ಕಾಯ್ದೆ ಬರೆದವರೇ ಒಪ್ಪಿದ್ದಾರೆಂದಾಯಿತು. 2019ರಲ್ಲಿ ಸೇರಿಸಿದ 136ಎ ಕಲಮು ಹೆದ್ದಾರಿಗಳಲ್ಲಿ ಎಲೆಕ್ಟ್ರಾನಿಕ್ ಕಣ್ಗಾವಲಿಗೆ ದಾರಿ ತೆರೆದಿದೆ. ನಂಬರ್ ಪ್ಲೇಟು ಓದುವ ಕ್ಯಾಮೆರಾ ಈಗ ಅಪರೂಪದ ವಸ್ತುವಲ್ಲ.

ಆಕ್ಷೇಪಗಳಿವೆ, ಅವುಗಳನ್ನು ತೂಗಿನೋಡಬೇಕು. ಮೊದಲನೆಯದು ತಿರುಮಲದ ಅನುಭವದಿಂದಲೇ ಬರುತ್ತದೆ. ಅಲ್ಲಿ ಬೇಗ ಬಂದವರು ಕೊನೆಯ ತಿರುವಿನ ಬಳಿ ವಾಹನ ನಿಲ್ಲಿಸಿ ಹೊತ್ತು ಕಳೆಯುತ್ತಾರೆ. ಕಾಡಿನಲ್ಲಿ ಹೀಗೆ ಮಾಡಿದರೆ ಮದ್ದೇ ರೋಗವಾಗುತ್ತದೆ. 2025ರ ಆಗಸ್ಟ್‌ನಲ್ಲಿ ಇದೇ ರಸ್ತೆಯಲ್ಲಿ ಕೆಳಗಿಳಿದು ಕಾಡಾನೆಯ ಫೋಟೊ ತೆಗೆಯಲು ಹೋದವರೊಬ್ಬರು ಆನೆಯ ಕಾಲಿಗೆ ಸಿಕ್ಕು ಬದುಕಿ ಉಳಿದದ್ದು, ಅವರಿಗೆ ಇಲಾಖೆ 25 ಸಾವಿರ ರೂಪಾಯಿ ದಂಡ ವಿಧಿಸಿದ್ದು ನೆನಪಿರಬಹುದು. ಆದ್ದರಿಂದ ಗೇಟಿನ ಹಿಂದಿನ ಕೊನೆಯ ಒಂದೆರಡು ಕಿ.ಮೀ.ಗಳಲ್ಲಿ ಗಸ್ತು ಇರಬೇಕು, ನಿಂತವರಿಗೆ ವೇಗದ ದಂಡಕ್ಕಿಂತ ಹೆಚ್ಚಿನ ದಂಡವಿರಬೇಕು. ನಡುವೆ ಒಂದು ಕ್ಯಾಮೆರಾ ಕಂಬವಿಟ್ಟು ದಾರಿಯನ್ನು ಎರಡು ಭಾಗ ಮಾಡಿದರೆ ಕೊನೆಗೆ ಕಾಯುವ ಆಸೆ ಅರ್ಧಕ್ಕಿಳಿಯುತ್ತದೆ. ಹೇಗೂ ಕಾಯಲೇಬೇಕು ಎಂದು ತಿಳಿದವನು ನಾಲ್ಕನೆಯ ಪ್ರಯಾಣದ ಹೊತ್ತಿಗೆ ಮೊದಲಿನಿಂದಲೇ ನಿಧಾನ ಕಲಿಯುತ್ತಾನೆಂಬ ನಂಬಿಕೆ ನನಗಿದೆ.

ಎರಡನೆಯದು, ಗೇಟಿನಲ್ಲಿ ಸಾಲು ಬೆಳೆಯುತ್ತದೆ ಎಂಬುದು. ಹಸಿರು ಶುಲ್ಕಕ್ಕಾಗಿಯೋ ತಪಾಸಣೆಗಾಗಿಯೋ ವಾಹನಗಳು ಈಗಲೂ ಅಲ್ಲಿ ತಡೆಯುತ್ತವೆ. ಕ್ಯಾಮೆರಾ ಸಮಯ ಬರೆದುಕೊಳ್ಳುವುದರಿಂದ ಸಾಲು ಉದ್ದವಾಗದು. ಮೂರನೆಯದು ಸ್ಥಳೀಯರದು. ಕಾಡಂಚಿನ ಹಳ್ಳಿಗಳವರು, ಕಾಡಿನೊಳಗೆ ಕೆಲಸಕ್ಕೆ ಹೋಗುವವರು ಪ್ರತಿದಿನ ಚೀಟಿ ಹಿಡಿದು ನಿಲ್ಲಬೇಕೇ? ಅವರಲ್ಲಿ ಬಹುಪಾಲು ಮಂದಿಗೆ ನಿಧಾನವಾಗಿ ಹೋಗುವುದು ತೊಂದರೆಯಲ್ಲ. ನೋಂದಾಯಿತ ವಾಹನಗಳಿಗೆ ಗೇಟಿನಲ್ಲಿ ನಿಲ್ಲುವುದರಿಂದ ವಿನಾಯಿತಿ ಕೊಡಬಹುದು, ಮಿತಿಯಿಂದ ಬೇಡ. ನಾಲ್ಕನೆಯ ಆಕ್ಷೇಪ ನನ್ನ ಹಳೆಯ ಸಹೋದ್ಯೋಗಿಗಳದ್ದು: ದಂಡ ಯಾರು ಹಾಕಬೇಕು, ಅರಣ್ಯ ಇಲಾಖೆಯೋ ಪೊಲೀಸರೋ ಸಾರಿಗೆ ಇಲಾಖೆಯೋ? ಈ ಪ್ರಶ್ನೆ ಕೇಳಿ ಕಡತವನ್ನು ಹತ್ತು ವರ್ಷ ಮಲಗಿಸಬಹುದೆಂಬುದು ನನಗೆ ಗೊತ್ತು. ಮಲಗಿಸಿದ ಅನುಭವವೂ ಉಂಟು. ಒಂದು ಅಧಿಸೂಚನೆ, ಗೇಟಿನಲ್ಲಿ ಒಬ್ಬ ಅಧಿಕೃತ ಸಿಬ್ಬಂದಿ ಇದ್ದರೆ ಉತ್ತರ ಸಿಗುತ್ತದೆ.

ಹೀಗೆ ಮಾಡೋಣ. ಮೇಲುಕಾಮನಹಳ್ಳಿಯಿಂದ ಕೆಕ್ಕನಹಳ್ಳ, ಮದ್ದೂರಿನಿಂದ ಮೂಲೆಹೊಳೆ, ಈ ಎರಡು ದಾರಿಗಳಲ್ಲಿ ಮೊದಲು ಮೂರು ತಿಂಗಳು ಯಾರಿಗೂ ದಂಡ ಹಾಕದೆ ಸಮಯ ಮಾತ್ರ ಬರೆದಿಟ್ಟುಕೊಳ್ಳಲಿ. ಯಾವ ಹೊತ್ತಿನಲ್ಲಿ, ಯಾವ ಬಗೆಯ ವಾಹನ, ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬ ಲೆಕ್ಕ ಸಿಗಲಿ. ಪ್ರತಿ ತಿರುವಿನ ನೋಟದ ದೂರವನ್ನು ಅಳೆಯಲಿ. ಅಲ್ಲಿಂದ ಮಿತಿಯನ್ನು ಕಟ್ಟಲಿ, ಅದಕ್ಕೆ ತಕ್ಕ ಕನಿಷ್ಠ ಸಮಯವನ್ನು ನಿಮಿಷದಲ್ಲಿ ಗೇಟಿನ ಮೇಲೆ ಕನ್ನಡ, ಮಲಯಾಳ, ತಮಿಳು, ಇಂಗ್ಲಿಷಿನಲ್ಲಿ ಬರೆಯಲಿ. ನಂತರ ಒಂದು ವರ್ಷ ದಂಡ ಜಾರಿಯಾಗಲಿ. ಸತ್ತ ಪ್ರಾಣಿಗಳ ಲೆಕ್ಕವನ್ನೂ ಮಿತಿ ಮೀರಿದ ವಾಹನಗಳ ಲೆಕ್ಕವನ್ನೂ ಪ್ರತಿ ತಿಂಗಳು ಪ್ರಕಟಿಸಲಿ. ರಾತ್ರಿ ಗೇಟಿನ ಆತುರ ತಪ್ಪಿಸಲು ಕೊನೆಯ ಪ್ರವೇಶವನ್ನು ಒಂಬತ್ತಕ್ಕೆ ಬದಲು ಕಾಡು ದಾಟಲು ಬೇಕಾದ ನಿಮಿಷಗಳಷ್ಟು ಮೊದಲೇ ನಿಲ್ಲಿಸಲಿ. ಸರ್ಕಾರಿ ವಾಹನಗಳಿಗೆ, ಕೆಂಪು ಬಸ್ಸುಗಳಿಗೆ, ಮಂತ್ರಿಗಳ ಬೆಂಗಾವಲಿಗೆ ಯಾವ ವಿನಾಯಿತಿಯೂ ಬೇಡ. ತಗಡಿನ ಫಲಕದ ಮಾನ ಹೋಗುವುದು ಅಂಥ ವಿನಾಯಿತಿಗಳಿಂದಲೇ.

ವರ್ಷದ ಕೊನೆಗೆ ಹಗಲಿನ ಸಾವುಗಳು ಇಳಿದಿದ್ದರೆ, ನೂರಕ್ಕೆ ತೊಂಬತ್ತೈದು ವಾಹನಗಳು ಮಿತಿಯೊಳಗಿದ್ದರೆ, ಕೇರಳದೊಂದಿಗೆ ಕುಳಿತು ರಾತ್ರಿಯ ಬಗ್ಗೆ ಮಾತನಾಡಲು ನಮ್ಮ ಕೈಯಲ್ಲಿ ಅಂಕಿಗಳಿರುತ್ತವೆ. ಆಗಲೂ ಗೇಟು ಮುಚ್ಚಿರುವುದೇ ಸರಿ ಎಂದು ನಾನು ವಾದಿಸಿಯೇನು. ಕಾಡಿಗೆ ಒಂಬತ್ತು ಗಂಟೆಯ ನಿಶ್ಶಬ್ದವೂ ಬೇಕು. ಸುಪ್ರೀಂ ಕೋರ್ಟಿನ ಮುಂದೆ ಅದು ಆವೇಶದ ವಾದವಾಗದೆ ಅಳತೆಯ ವಾದವಾಗುತ್ತದೆ. ಇಳಿಯದಿದ್ದರೆ, ರಾತ್ರಿ ತೆರೆಯಿರಿ ಎನ್ನುವವರ ಬಾಯಿಗೆ ಬೇರೆ ಉತ್ತರ ಬೇಕಿಲ್ಲ.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಅವರಲ್ಲಿ ಶೇ 71ರಷ್ಟು ಮಂದಿಯ ಸಾವಿಗೆ ‘ಅತಿವೇಗ’ವನ್ನು ಕಾರಣವಾಗಿ ಬರೆಯುತ್ತದೆ. ಅಪಘಾತವಾದ ಮೇಲೆ ವೇಗವನ್ನು ಊಹಿಸಿ ಬರೆಯುವುದರಲ್ಲಿ ನಾವು ಪಳಗಿದ್ದೇವೆ. ಆಗುವ ಮೊದಲು ಅಳೆಯುವುದನ್ನು ಎಲ್ಲಾದರೂ ಒಂದು ಕಡೆ ಕಲಿಯಲು ಆರಂಭಿಸಬೇಕು. ಎರಡು ಗೇಟುಗಳು ಈಗಾಗಲೇ ನಿಂತಿರುವ ಬಂಡೀಪುರಕ್ಕಿಂತ ಉತ್ತಮವಾದ ಪಾಠಶಾಲೆ ಬೇರೆಲ್ಲಿ ಸಿಕ್ಕೀತು?

ಊಟಿಯಿಂದ ಮರಳುವಾಗ ಅದೇ ಚಾಲಕನಿಗೆ ಹೇಳಿದೆ: ‘ನೋಡಪ್ಪ, ಈ ಕಾಡು ದಾಟೋಕೆ ಇಪ್ಪತ್ತು ನಿಮಿಷ ತಗೊ. ಬಾಡಿಗೆ ಮೇಲೆ ನೂರು ರೂಪಾಯಿ ಕೊಡ್ತೀನಿ.’ ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, ಯಜಮಾನರಿಗೆ ತಮಾಷೆಯೋ ಏನೋ ಎಂದುಕೊಂಡು, ನಿಧಾನವಾಗಿಯೇ ಓಡಿಸಿದ. ಅರ್ಧ ದಾರಿಯಲ್ಲಿ ಬಲಗಡೆ ಬೊಟ್ಟು ಮಾಡಿ ‘ಸಾರ್, ಅಲ್ನೋಡಿ’ ಎಂದ. ಬಿದಿರಿನ ಮರೆಯಲ್ಲಿ ಒಂದು ಹೆಣ್ಣಾನೆ, ಅದರ ಕಾಲ ಸಂದಿಯಲ್ಲಿ ಮರಿ. ಹತ್ತು ವರ್ಷದಿಂದ ಈ ದಾರಿಯಲ್ಲಿ ಓಡಾಡುತ್ತಿದ್ದರೂ ಇಷ್ಟು ಹತ್ತಿರ ಮರಿಯಾನೆ ನೋಡಿದ್ದು ಇದೇ ಮೊದಲು ಎಂದ. ಗೇಟು ದಾಟಿದ ಮೇಲೆ ಕೊಟ್ಟ ನೂರು ರೂಪಾಯಿಯನ್ನು ಅವನು ತೆಗೆದುಕೊಳ್ಳಲಿಲ್ಲ.